ಒಂದೇ ಗುಂಡು, ಎರಡು ತೋಟಾ: ಮ್ಯಾಗ್ನಂನಲ್ಲಿ ನಿಜವಾಗಿ ಜಾಸ್ತಿ ಇರುವುದು ಏನು?

ಅಮೆರಿಕದ ಬೇಟೆಗಾರರ ನಡುವೆ ಅಪ್ಪನಿಂದ ಮಗನಿಗೆ ಬಂದಂತೆ ನಡೆದುಬಂದಿರುವ ಒಂದು ವಾದವಿದೆ. .30-06 ಸ್ಪ್ರಿಂಗ್‌ಫೀಲ್ಡ್ ಸಾಕಾ, ಇಲ್ಲ .300 ವಿಂಚೆಸ್ಟರ್ ಮ್ಯಾಗ್ನಂ ಬೇಕಾ? ಎರಡೂ ರೈಫಲ್ ತೋಟಾಗಳು, ಅಂದರೆ ಹಿತ್ತಾಳೆ ಕೇಸು, ಒಳಗೆ ಮದ್ದು, ತುದಿಗೆ ಗುಂಡು ಎಲ್ಲ ಸೇರಿದ್ದು. ಎರಡರ ತುದಿಯಲ್ಲೂ ಕೂರುವುದು ಒಂದೇ ಅಳತೆಯ ಗುಂಡು. ಅಡ್ಡಳತೆ 0.308 ಇಂಚು, ಅಂದರೆ 7.82 ಮಿಲಿಮೀಟರ್. ಒಂದೇ ಡಬ್ಬಿಯಿಂದ ಎರಡು ಗುಂಡು ತೆಗೆದು ಒಂದನ್ನು ಇದಕ್ಕೂ ಇನ್ನೊಂದನ್ನು ಅದಕ್ಕೂ ಕೂರಿಸಬಹುದು. ಹಾಗಿದ್ದೂ ಒಂದಕ್ಕೆ ಬೆಲೆ ಜಾಸ್ತಿ, ಸದ್ದು ಜಾಸ್ತಿ, ಒದೆತ ಜಾಸ್ತಿ, ಹೆಸರೂ ದೊಡ್ಡದು. ಆ ಜಾಸ್ತಿಗೆಲ್ಲ ಬದಲಾಗಿ ಸಿಗುವುದೇನು ಅನ್ನುವುದನ್ನು ಲೆಕ್ಕ ಹಾಕಿ ನೋಡೋಣ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಅದು ಹಾಗೇ ಇರಬೇಕು ಅನ್ನುವವನು ನಾನು. ಆದರೆ ಕೋವಿ ನಮಗೆ ಹೊಸದೇನಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ ಆಗುತ್ತದೆ. ಮಲೆನಾಡಿನಲ್ಲಿ ಬೆಳೆ ಕಾಯಲು ಲೈಸೆನ್ಸ್ ಕೋವಿ ಇಟ್ಟುಕೊಂಡ ಮನೆಗಳು ಎಷ್ಟೋ ಇವೆ. ಕೇಪಿನ ಕೋವಿಗೆ ನಳಿಗೆಯ ಬಾಯಿಂದ ಮದ್ದು ಸುರಿದು ಗಜ ಹಾಕಿ ಜಡಿದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು: ಮದ್ದು ಜಾಸ್ತಿ ಬಿದ್ದರೆ ಹೆಗಲು ಹೇಳುತ್ತದೆ. ಮ್ಯಾಗ್ನಂ ಕತೆ ಶುರುವಾಗುವುದೂ ಅಲ್ಲಿಂದಲೇ. ಅಮೆರಿಕ, ಕೆನಡಾದಲ್ಲಿ ನೆಲೆಸಿ, ಅಲ್ಲಿನ ಕಾನೂನಿನಂತೆ ಬೇಟೆ ಲೈಸೆನ್ಸ್ ಮಾಡಿಸಲು ಹೊರಟವರಿಗಂತೂ ಅಂಗಡಿಯಲ್ಲಿ ಎದುರಾಗುವ ಮೊದಲ ಗೊಂದಲಗಳಲ್ಲಿ ಇದೂ ಒಂದು.

ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ. .30-06ರಲ್ಲಿ .30 ಅಂದರೆ ನಳಿಗೆಯ ಅಳತೆ, ಇಂಚಿನ ನೂರರಲ್ಲಿ ಮೂವತ್ತು ಭಾಗ (ನಳಿಗೆಯ ಒಳಗೋಡೆಯ ಗೀರುಗಳ ಆಳ ಬಿಟ್ಟು ಅಳೆದದ್ದು; ಆಳ ಸೇರಿಸಿದರೆ ಗುಂಡಿನ 0.308 ಇಂಚು). 06 ಅಂದರೆ 1906, ಅಮೆರಿಕದ ಸೇನೆ ಅದನ್ನು ಒಪ್ಪಿಕೊಂಡ ವರ್ಷ. ಎರಡು ಮಹಾಯುದ್ಧಗಳಲ್ಲಿ ಅಮೆರಿಕದ ಸೈನಿಕರ ಕೈಯಲ್ಲಿದ್ದದ್ದು ಇದೇ ತೋಟಾ. ಯುದ್ಧ ಮುಗಿಸಿ ಊರಿಗೆ ಮರಳಿದವರು ಅದೇ ಅಳತೆಯ ರೈಫಲ್ ಹಿಡಿದು ಜಿಂಕೆ ಬೇಟೆಗೆ ಹೋದರು. .300 ವಿಂಚೆಸ್ಟರ್ ಮ್ಯಾಗ್ನಂ ಬಂದದ್ದು 1963ರಲ್ಲಿ, ವಿಂಚೆಸ್ಟರ್ ಕಂಪನಿಯ ಮಾಡೆಲ್ 70 ರೈಫಲ್ ಜೊತೆ. .30 ಮತ್ತು .300 ಅಂತ ಬರೆದಿದ್ದರೂ ಅಳತೆ ಒಂದೇ. ಇನ್ನು ಮ್ಯಾಗ್ನಂ ಅನ್ನುವುದಕ್ಕೆ ಇಷ್ಟೇ ಮದ್ದು, ಇಷ್ಟೇ ವೇಗ ಅಂತ ಯಾವ ಕಟ್ಟಳೆಯೂ ಇಲ್ಲ. ಅದೇ ಅಳತೆಯ ಮಾಮೂಲಿ ತೋಟಾಕ್ಕಿಂತ ಬಲವಾದದ್ದು ಅಂತ ಗಿರಾಕಿಗೆ ಹೇಳುವ ಮಾರಾಟದ ಹೆಸರು ಅದು. 2018ರಲ್ಲಿ ಬಂದ .300 ಪಿಆರ್‌ಸಿ ಹೆಸರಿನಲ್ಲಿ ಮ್ಯಾಗ್ನಂ ಇಲ್ಲ. ಆದರೂ ಶಕ್ತಿಯಲ್ಲಿ ಅದು .300 ವಿಂಚೆಸ್ಟರ್ ಮ್ಯಾಗ್ನಂಗೆ ಸರಿಸಮಾನ, ಭಾರದ ಗುಂಡಿಗಾದರೆ ಒಂದು ಕೈ ಮೇಲೇ.

ಎರಡು ತೋಟಾಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ಎತ್ತರದಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಎರಡರ ಒಟ್ಟು ಉದ್ದದ ಮಿತಿ 3.34 ಇಂಚು. ವ್ಯತ್ಯಾಸ ಇರುವುದು ಸೊಂಟದಲ್ಲಿ. .30-06ರ ಹಿತ್ತಾಳೆ ಕೇಸಿನ ಬುಡದ ಅಂಚು 0.473 ಇಂಚು ಅಗಲ, ಅಂದರೆ ಸುಮಾರು 12 ಮಿಲಿಮೀಟರ್. ಮ್ಯಾಗ್ನಂನದ್ದು 0.532 ಇಂಚು, ಹದಿಮೂರೂವರೆ ಮಿಲಿಮೀಟರ್. ಒಂದೂವರೆ ಮಿಲಿಮೀಟರ್‌ನಲ್ಲಿ ಏನಿದೆ ಅನ್ನಿಸಬಹುದು. ಆದರೆ ಅದು ಕೇಸಿನ ಉದ್ದಕ್ಕೂ, ಸುತ್ತಲೂ ಹರಡಿಕೊಂಡಾಗ ಒಳಗಿನ ಜಾಗ ಮೂರನೇ ಒಂದರಷ್ಟು ಹೆಚ್ಚಾಗುತ್ತದೆ. ಮ್ಯಾಗ್ನಂನ ಭುಜ, ಅಂದರೆ ಕೇಸು ಕಿರಿದಾಗುವ ಜಾಗ, ಇನ್ನೂ ಮುಂದಕ್ಕೆ ಸರಿದಿದೆ; ಗುಂಡು ಹಿಡಿಯುವ ಕತ್ತು ಗಿಡ್ಡ. ಬುಡದ ಹತ್ತಿರ ಬಳೆಯಂತೆ ಒಂದು ದಪ್ಪ ಪಟ್ಟಿ ಬೇರೆ ಇದೆ. ಆ ಪಟ್ಟಿಯ ವಿಷಯ ಆಮೇಲೆ.

180 ಗ್ರೇನ್ ತೂಕದ ಗುಂಡನ್ನೇ ಎರಡಕ್ಕೂ ಹಾಕೋಣ. ಗ್ರೇನ್ ಅನ್ನುವುದು ಹಳೆಯ ತೂಕ. 180 ಗ್ರೇನ್ ಅಂದರೆ ಹನ್ನೊಂದೂವರೆ ಗ್ರಾಂಗಿಂತ ಸ್ವಲ್ಪ ಜಾಸ್ತಿ. .30-06ರಲ್ಲಿ ಅದರ ಹಿಂದೆ ಸುಮಾರು 57 ಗ್ರೇನ್ ಮದ್ದು ಹಿಡಿಯುತ್ತದೆ. ಮ್ಯಾಗ್ನಂನಲ್ಲಿ ಸುಮಾರು 73. ಯಾವ ಮದ್ದು ಅನ್ನುವುದರ ಮೇಲೆ ಇದು ಹೆಚ್ಚುಕಡಿಮೆ ಆಗುತ್ತದೆ, ಆದರೆ ಮ್ಯಾಗ್ನಂ ಸುಮಾರು ಶೇ 28ರಿಂದ 30ರಷ್ಟು ಜಾಸ್ತಿ ಮದ್ದು ಉರಿಸುತ್ತದೆ ಅಂತ ಇಟ್ಟುಕೊಳ್ಳಬಹುದು. ಅಷ್ಟು ಜಾಸ್ತಿ ಉರಿಸಿ ಸಿಗುವ ವೇಗ ಎಷ್ಟು? ಕಂಪನಿಗಳ ಸಾಮಾನ್ಯ ಲೆಕ್ಕದಲ್ಲಿ .30-06ರ ಗುಂಡು ಸೆಕೆಂಡಿಗೆ 2,700 ಅಡಿ ವೇಗದಲ್ಲಿ ನಳಿಗೆ ಬಿಡುತ್ತದೆ. ಮ್ಯಾಗ್ನಂನದ್ದು 2,960 ಅಡಿ. ಅಂದರೆ ಶೇ 10ಕ್ಕೂ ಒಂದು ಚೂರು ಕಡಿಮೆ.

ಮದ್ದು ಶೇ 30 ಜಾಸ್ತಿ, ವೇಗ ಮಾತ್ರ ಶೇ 10 ಜಾಸ್ತಿ. ಉಳಿದದ್ದು ಎಲ್ಲಿ ಹೋಯಿತು? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಮ್ಯಾಗ್ನಂನ ಗುಟ್ಟು ಅರ್ಧ ಬಯಲಾದಂತೆ.

ದೊಡ್ಡ ತೋಟಾ ಗುಂಡನ್ನು ಜೋರಾಗಿ ತಳ್ಳುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ನಿಜ ಹಾಗಿಲ್ಲ. ಅಮೆರಿಕದ ತಯಾರಕರ ಮಾನದಂಡದ ಪ್ರಕಾರ .30-06ರ ಒಳಗಿನ ಒತ್ತಡ ಚದರ ಇಂಚಿಗೆ 60,000 ಪೌಂಡ್ ದಾಟಬಾರದು. ಮ್ಯಾಗ್ನಂಗೆ 64,000. ಎರಡೂ ಹತ್ತಿರ ಹತ್ತಿರ. ಗುಂಡಿನ ಬೆನ್ನಿನ ಅಗಲ ಎರಡರಲ್ಲೂ ಒಂದೇ. ಹಾಗಾಗಿ ಗುಂಡಿನ ಮೇಲೆ ಬೀಳುವ ಅತಿ ಹೆಚ್ಚಿನ ತಳ್ಳುವಿಕೆಯಲ್ಲೂ ದೊಡ್ಡ ವ್ಯತ್ಯಾಸ ಇರುವುದಿಲ್ಲ. ವ್ಯತ್ಯಾಸ ಬರುವುದು ಆಮೇಲೆ. ಗುಂಡು ನಳಿಗೆಯಲ್ಲಿ ಮುಂದೆ ಮುಂದೆ ಹೋದಂತೆ ಅದರ ಹಿಂದೆ ಜಾಗ ಹಿಗ್ಗುತ್ತದೆ, ಒತ್ತಡ ಇಳಿಯುತ್ತದೆ. .30-06ರಲ್ಲಿ ಇದು ಬೇಗ ಇಳಿಯುತ್ತದೆ. ಮ್ಯಾಗ್ನಂನಲ್ಲಿ ನಿಧಾನವಾಗಿ ಉರಿಯುವ ಮದ್ದು ಹೆಚ್ಚಿಗೆ ಇರುವುದರಿಂದ ಅನಿಲ ಹುಟ್ಟುತ್ತಲೇ ಇರುತ್ತದೆ, ಒತ್ತಡ ನಿಧಾನವಾಗಿ ಇಳಿಯುತ್ತದೆ. ಮ್ಯಾಗ್ನಂ ಜೋರಾಗಿ ತಳ್ಳುವುದಿಲ್ಲ, ಹೆಚ್ಚು ದೂರದವರೆಗೆ ತಳ್ಳುತ್ತದೆ.

ಇದರಿಂದಲೇ ಇನ್ನೂ ಮೂರು ವಿಷಯ ತಾನಾಗಿ ಅರ್ಥವಾಗುತ್ತವೆ. ಒಂದು, ಮ್ಯಾಗ್ನಂಗೆ ಉದ್ದ ನಳಿಗೆ ಬೇಕು. .30-06 ರೈಫಲ್‌ಗಳು 22 ಅಥವಾ 24 ಇಂಚಿನ ನಳಿಗೆಯಲ್ಲಿ ಬಂದರೆ ಮ್ಯಾಗ್ನಂಗಳು ಸಾಮಾನ್ಯವಾಗಿ 24, 26 ಇಂಚಿನಲ್ಲಿ ಬರುತ್ತವೆ. ಮ್ಯಾಗ್ನಂ ಕೊಂಡು ನಳಿಗೆ ಗಿಡ್ಡ ಮಾಡಿಸಿದರೆ ಯಾವುದಕ್ಕೆ ದುಡ್ಡು ಕೊಟ್ಟಿದ್ದೆವೋ ಅದನ್ನೇ ಕತ್ತರಿಸಿ ಎಸೆದಂತೆ. ಎರಡು, ಉರಿಯುವ ಮದ್ದಿಗೂ ತೂಕವಿದೆ. ಅದು ಅನಿಲವಾಗಿ ಗುಂಡಿನ ಬೆನ್ನ ಹಿಂದೆಯೇ ನಳಿಗೆಯಲ್ಲಿ ಓಡಬೇಕು. ಆ ಅನಿಲವನ್ನು ಓಡಿಸುವುದಕ್ಕೂ ಶಕ್ತಿ ಬೇಕು. ಜಾಸ್ತಿ ಮದ್ದು ಹಾಕಿದಷ್ಟೂ ಮದ್ದನ್ನೇ ಹೊರಗೆ ತಳ್ಳಲು ಖರ್ಚಾಗುವ ಪಾಲೂ ಜಾಸ್ತಿ. ಗುಂಡು ಹೊರಬಿದ್ದಾಗ ಒಳಗೆ ಉಳಿದಿರುವ ಒತ್ತಡ ಗಾಳಿಗೆ ನುಗ್ಗಿ ಸದ್ದಾಗಿ, ಬೆಂಕಿಯಾಗಿ ವ್ಯರ್ಥವಾಗುತ್ತದೆ. ಮೂರು, ಅಷ್ಟೇ ಸಣ್ಣ ತೂತಿನಲ್ಲಿ ಅಷ್ಟು ಜಾಸ್ತಿ ಬಿಸಿ ಅನಿಲ ಹಾಯುವುದರಿಂದ ನಳಿಗೆಯ ಗಂಟಲು, ಅಂದರೆ ಗುಂಡು ನಳಿಗೆಯ ಒಳಗಿನ ಸುರುಳಿ ಗೀರುಗಳಿಗೆ ಕಚ್ಚಿಕೊಳ್ಳುವ ಜಾಗ, ಬೇಗ ಸವೆಯುತ್ತದೆ. ವರ್ಷಕ್ಕೆ ಒಂದೆರಡು ಡಬ್ಬಿ ಹೊಡೆಯುವ ಬೇಟೆಗಾರನ ಜೀವಮಾನದಲ್ಲಿ ಇದು ತಲೆನೋವಾಗುವುದಿಲ್ಲ. ಗುರಿ ಸ್ಪರ್ಧೆಗೆ ಹೋಗುವವರಿಗೆ ಮಾತ್ರ ನಳಿಗೆ ಬದಲಿಸುವ ಖರ್ಚು ಬೇಗ ಬರುತ್ತದೆ.

ಈಗ ದೂರದ ವಿಷಯ. ಶಕ್ತಿಯ ಲೆಕ್ಕದಲ್ಲಿ ನಳಿಗೆಯ ಬಾಯಲ್ಲಿ .30-06ರ ಗುಂಡಿಗೆ ಸುಮಾರು 3,950 ಜೂಲ್, ಮ್ಯಾಗ್ನಂಗೆ ಸುಮಾರು 4,740 ಜೂಲ್. ಶೇ 20 ಜಾಸ್ತಿ. ಅಂಗಡಿಯಲ್ಲಿ ಇದನ್ನೇ ಎತ್ತಿ ತೋರಿಸುತ್ತಾರೆ. ಆದರೆ ಬರೀ ಜೂಲ್ ಲೆಕ್ಕದಿಂದ ಯಾರಿಗೂ ಏನೂ ಹೊಳೆಯುವುದಿಲ್ಲ. ಇನ್ನೊಂದು ರೀತಿಯಲ್ಲಿ ನೋಡಬಹುದು, ನನಗೆ ಅದೇ ಸರಿ ಅನ್ನಿಸುತ್ತದೆ.

ಗುಂಡು ಗಾಳಿಯಲ್ಲಿ ಹೋಗುತ್ತಾ ಹೋಗುತ್ತಾ ವೇಗ ಕಳೆದುಕೊಳ್ಳುತ್ತದೆ. ಮ್ಯಾಗ್ನಂನ ಗುಂಡು 2,960 ಅಡಿಯಲ್ಲಿ ಹೊರಟು, 100ರಿಂದ 130 ಗಜ ಹೋಗುವಷ್ಟರಲ್ಲಿ 2,700 ಅಡಿಗೆ ಇಳಿದಿರುತ್ತದೆ. ಗುಂಡಿನ ಆಕಾರ ಚೂಪಾಗಿದ್ದಷ್ಟೂ ಈ ದೂರ ಜಾಸ್ತಿ. 2,700 ಅಂದರೆ .30-06ರ ಗುಂಡು ನಳಿಗೆ ಬಿಡುವಾಗ ಇರುವ ವೇಗ. ಗುಂಡು ಒಂದೇ, ತೂಕ ಒಂದೇ, ಆಕಾರ ಒಂದೇ. ಹಾಗಾದರೆ ಅಲ್ಲಿಂದ ಮುಂದೆ ಎರಡಕ್ಕೂ ಏನು ವ್ಯತ್ಯಾಸ? ಏನೂ ಇಲ್ಲ. 300 ಗಜ ದೂರದ ಪ್ರಾಣಿಗೆ ಮ್ಯಾಗ್ನಂ ಹೊಡೆದಾಗ ಆಗುವುದೇ, .30-06ನಿಂದ 170-200 ಗಜದಲ್ಲಿ ಹೊಡೆದಾಗಲೂ ಆಗುತ್ತದೆ. ಪ್ರಾಣಿಗೆ ತಾಗುವ ಗುಂಡಿಗೆ ತಾನು ಯಾವ ಕೇಸಿನಿಂದ ಹೊರಟೆ ಅನ್ನುವುದು ಗೊತ್ತಿರುವುದಿಲ್ಲ, ತನ್ನ ವೇಗವಷ್ಟೇ ಲೆಕ್ಕ.

ಹೀಗಾಗಿ ಮ್ಯಾಗ್ನಂ ಕೊಳ್ಳುವವನು ಕೊಳ್ಳುವುದು ನೂರು ಚಿಲ್ಲರೆ ಗಜ. ಅಷ್ಟು ದೂರ ಪ್ರಾಣಿಯ ಹತ್ತಿರಕ್ಕೆ ನಡೆದುಹೋಗಲು ಆಗುವಂತಿದ್ದರೆ .30-06 ಅದೇ ಕೆಲಸ ಮಾಡುತ್ತದೆ. ಆಗದ ಜಾಗಗಳೂ ಇವೆ, ಅಲ್ಲಿಗೆ ಆಮೇಲೆ ಬರೋಣ.

ಗುಂಡು ಕೆಳಗೆ ಬೀಳುವ ಲೆಕ್ಕವೂ ಇದನ್ನೇ ಹೇಳುತ್ತದೆ. ಎರಡೂ ರೈಫಲ್‌ಗಳನ್ನು 200 ಗಜಕ್ಕೆ ಗುರಿ ಕೂರಿಸಿದೆವು, ಅಂದರೆ ಆ ದೂರದಲ್ಲಿ ಗುಂಡು ಗುರಿ ಇಟ್ಟಲ್ಲೇ ತಾಗುವಂತೆ ಹೊಂದಿಸಿದೆವು ಅನ್ನೋಣ. 300 ಗಜದಲ್ಲಿ .30-06ರ ಗುಂಡು ಸುಮಾರು 8ರಿಂದ 9 ಇಂಚು ಕೆಳಗೆ ಬೀಳುತ್ತದೆ, ಮ್ಯಾಗ್ನಂನದ್ದು ಸುಮಾರು 7 ಇಂಚು. 400 ಗಜದಲ್ಲಿ 24-25 ಇಂಚು ಒಂದರದ್ದು, 20 ಇಂಚು ಇನ್ನೊಂದರದ್ದು. ಜಿಂಕೆಯ ಎದೆಗೂಡಿನಲ್ಲಿ ಹೃದಯ, ಶ್ವಾಸಕೋಶ ಇರುವ ಭಾಗ 8ರಿಂದ 10 ಇಂಚು ಅಗಲ ಅಂತ ಅಮೆರಿಕದ ಬೇಟೆಗಾರರು ಲೆಕ್ಕ ಇಟ್ಟುಕೊಳ್ಳುತ್ತಾರೆ. ಹಾಗಾಗಿ 300 ಗಜದವರೆಗೆ ಒಂದೂವರೆ ಇಂಚಿನ ವ್ಯತ್ಯಾಸ ಯಾವ ಲೆಕ್ಕಕ್ಕೂ ಇಲ್ಲ. 400ರಲ್ಲಿ ವ್ಯತ್ಯಾಸ ಇದೆ. ಆದರೆ ಅಲ್ಲಿ ಮ್ಯಾಗ್ನಂ ಹಿಡಿದವನೂ 20 ಇಂಚು ಮೇಲೆ ಗುರಿ ಇಡಲೇಬೇಕು. ದೂರ ತಪ್ಪಾಗಿ ಅಂದಾಜಿಸಿದರೆ ಇಬ್ಬರದ್ದೂ ತಪ್ಪುತ್ತದೆ.

ಒಂದು ಕಾಲದಲ್ಲಿ ಮ್ಯಾಗ್ನಂಗೆ ಇಲ್ಲಿ ದೊಡ್ಡ ಅನುಕೂಲ ಇತ್ತು. ದೂರವನ್ನು ಕಣ್ಣಂದಾಜಿನಲ್ಲೇ ಅಳೆಯಬೇಕಿದ್ದಾಗ, ನೇರವಾಗಿ ಹೋಗುವ ಗುಂಡು ತಪ್ಪನ್ನು ಸ್ವಲ್ಪ ಮನ್ನಿಸುತ್ತಿತ್ತು. ಈಗ ಅಂಗೈಯಗಲದ ಲೇಸರ್ ಉಪಕರಣ ಒಂದು ಗಜ ಆಚೀಚೆ ಆಗದಂತೆ ದೂರ ಹೇಳುತ್ತದೆ. ದೂರ ಗೊತ್ತಿದ್ದರೆ ಗುಂಡು 20 ಇಂಚು ಬಿದ್ದರೇನು, 25 ಬಿದ್ದರೇನು, ರೈಫಲ್ ಮೇಲಿನ ದುರ್ಬೀನಿನ ಗುಬುಟು ತಿರುಗಿಸಿದರೆ ಆಯಿತು. ಗಾಳಿ ಮಾತ್ರ ಹಾಗೆ ಬಗ್ಗುವುದಿಲ್ಲ. ಗಂಟೆಗೆ 10 ಮೈಲಿ ವೇಗದ ಅಡ್ಡಗಾಳಿ 400 ಗಜದಲ್ಲಿ .30-06ರ ಗುಂಡನ್ನು ಸುಮಾರು 12 ಇಂಚು ಪಕ್ಕಕ್ಕೆ ತಳ್ಳಿದರೆ ಮ್ಯಾಗ್ನಂನದ್ದನ್ನು ಸುಮಾರು 11 ಇಂಚು ತಳ್ಳುತ್ತದೆ. ಅನುಕೂಲ ಇದೆ, ಆದರೆ ಗಾಳಿ ಓದಲು ಬಾರದವನನ್ನು ಅದು ಕಾಪಾಡುವುದಿಲ್ಲ.

ಮ್ಯಾಗ್ನಂ ಬಗ್ಗೆ ತುಂಬ ಜನ ನಂಬಿರುವ ಇನ್ನೊಂದು ಮಾತು, ಹತ್ತಿರದಲ್ಲಿ ಹೊಡೆದರೆ ಪ್ರಾಣಿ ಇನ್ನೂ ಬೇಗ ಬೀಳುತ್ತದೆ ಅನ್ನುವುದು. ಅಳತೆ ಒಂದೇ ಆದ್ದರಿಂದ ತೂತು ದೊಡ್ಡದಾಗುವುದಿಲ್ಲ. ಬೇಟೆಯ ಗುಂಡು ತಾಗಿದ ಮೇಲೆ ಅಣಬೆಯ ಹಾಗೆ ಅರಳಿ ಅಗಲವಾಗುತ್ತದೆ ನಿಜ. ಆದರೆ ಅರಳುವುದಕ್ಕೂ ಒಂದು ಹದವಿದೆ. ವೇಗ ತೀರ ಕಡಿಮೆಯಾದರೆ ಅರಳದೆ ತೂರಿ ಹೋಗುತ್ತದೆ. ಎಷ್ಟೋ ಗುಂಡುಗಳಿಗೆ ಈ ಕೆಳಗಿನ ಮಿತಿ ಸೆಕೆಂಡಿಗೆ 1,800 ಅಡಿ ಆಸುಪಾಸು. ವೇಗ ತೀರ ಜಾಸ್ತಿಯಾದರೆ ಒಳಗೆ ಹೋಗುವ ಮೊದಲೇ ಚೂರುಚೂರಾಗುತ್ತದೆ.

ಇದರ ಪಾಠ ಕಲಿಸಿದ್ದು ಒಂದು ಕಡವೆ ಜಾತಿಯ ದೈತ್ಯ ಪ್ರಾಣಿ, ಮೂಸ್. 1946ರಲ್ಲಿ ಜಾನ್ ನೋಸ್ಲರ್ ಅನ್ನುವ ಅಮೆರಿಕದ ಬೇಟೆಗಾರ ಕೆನಡಾದ ಬ್ರಿಟಿಷ್ ಕೊಲಂಬಿಯಾಕ್ಕೆ ಹೋಗಿದ್ದರು. ಕೈಯಲ್ಲಿದ್ದದ್ದು .300 ಹೆಚ್ ಅಂಡ್ ಹೆಚ್ ಮ್ಯಾಗ್ನಂ. ಎದುರಿಗೆ ಸಿಕ್ಕ ಗಂಡು ಮೂಸ್ ಮೈಗೆಲ್ಲ ಕೆಸರು ಮೆತ್ತಿಕೊಂಡು ಒಣಗಿ ಗಟ್ಟಿಯಾಗಿತ್ತು. ಹೊಡೆದ ಗುಂಡುಗಳು ತಾಗಿದವು, ಆದರೆ ಒಳಗೆ ಹೋಗಲಿಲ್ಲ. ಆಗಿನ ಗುಂಡುಗಳೆಂದರೆ ಸೀಸದ ಮೇಲೆ ತೆಳುವಾದ ತಾಮ್ರದ ಹೊದಿಕೆ. ಮ್ಯಾಗ್ನಂನ ವೇಗಕ್ಕೆ ಅವು ಚರ್ಮದ ಹತ್ತಿರವೇ ಒಡೆದುಹೋದವು. ನೋಸ್ಲರ್ ಮನೆಗೆ ಬಂದು ಕೂತು ಹೊಸ ಗುಂಡು ಮಾಡಿದರು. ಗುಂಡಿನ ಮಧ್ಯದಲ್ಲಿ ತಾಮ್ರದ್ದೇ ಒಂದು ಅಡ್ಡಗೋಡೆ. ಮುಂದಿನ ಅರ್ಧ ಅರಳುತ್ತದೆ, ಒಡೆದರೂ ಒಡೆಯಲಿ. ಗೋಡೆಯ ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ಆಳಕ್ಕೆ ಇಳಿಯುತ್ತದೆ. ಪಾರ್ಟಿಶನ್ ಅನ್ನುವ ಆ ಗುಂಡು 1948ರಲ್ಲಿ ಮಾರುಕಟ್ಟೆಗೆ ಬಂತು, ಈಗಲೂ ಸಿಗುತ್ತದೆ.

ಗಮನಿಸಬೇಕಾದದ್ದು ಇದು. ಅವತ್ತು ಕಡಿಮೆ ಬಿದ್ದದ್ದು ಶಕ್ತಿ ಅಲ್ಲ. ಶಕ್ತಿ ಬೇಕಾದಷ್ಟಿತ್ತು. ಅಷ್ಟು ವೇಗ ತಡೆಯುವ ಗುಂಡು ಇರಲಿಲ್ಲ. ಮ್ಯಾಗ್ನಂ ಕೊಂಡವನು ಅದಕ್ಕೆ ತಕ್ಕ ಗಟ್ಟಿ ಗುಂಡನ್ನೂ ಕೊಳ್ಳಬೇಕು. ಇಲ್ಲದಿದ್ದರೆ 60 ಗಜದ ಹೊಡೆತದಲ್ಲಿ ಅವನ ಮ್ಯಾಗ್ನಂ .30-06ಗಿಂತ ಕೆಟ್ಟದಾಗಿ ಕೆಲಸ ಮಾಡಬಹುದು. ಜಿಂಕೆಯಂಥ ತೆಳು ಮೈಯ ಪ್ರಾಣಿಯಾದರೆ ಮಾಂಸವೂ ಸೇರು ಸೇರು ಹಾಳಾಗುತ್ತದೆ.

ಇನ್ನು ಒದೆತ. ಇದರ ಬಗ್ಗೆ ಮಾತಾಡಲು ಗಂಡಸರಿಗೆ ನಾಚಿಕೆ, ಅದೇ ದೊಡ್ಡ ತೊಂದರೆ.

ಲೆಕ್ಕ ಸರಳ. ದುರ್ಬೀನು ಸೇರಿ 3.9 ಕಿಲೋ ತೂಗುವ ರೈಫಲ್ ತೆಗೆದುಕೊಳ್ಳಿ. .30-06ರಲ್ಲಿ ಅದು ಹಿಂದಕ್ಕೆ ಬರುವ ಶಕ್ತಿ ಸುಮಾರು 25 ಜೂಲ್. ಅದೇ ತೂಕದ ಮ್ಯಾಗ್ನಂ ರೈಫಲ್‌ನಲ್ಲಿ ಸುಮಾರು 34 ಜೂಲ್. ಹತ್ತಿರ ಹತ್ತಿರ ಮೂರನೇ ಒಂದರಷ್ಟು ಜಾಸ್ತಿ. ವೇಗ ಶೇ 10 ಹೆಚ್ಚಿದ್ದಕ್ಕೆ ಹೆಗಲಿನ ಮೇಲೆ ಶೇ 35 ಹೆಚ್ಚು. ಯಾಕೆ ಅಂದರೆ ಹೆಗಲು ಗುಂಡನ್ನು ಮಾತ್ರ ತಡೆದುಕೊಳ್ಳುವುದಲ್ಲ, ಗುಂಡಿನ ಹಿಂದೆ ಅದಕ್ಕಿಂತ ಜೋರಾಗಿ ನುಗ್ಗುವ ಅನಿಲದ ತೂಕಕ್ಕೂ ಉತ್ತರ ಕೊಡಬೇಕು. ಕೇಪಿನ ಕೋವಿಯಲ್ಲಿ ಮದ್ದು ಜಾಸ್ತಿ ಬಿದ್ದಾಗ ಆಗುವುದೂ ಇದೇ.

34 ಜೂಲ್ ಯಾರ ಎಲುಬನ್ನೂ ಮುರಿಯುವುದಿಲ್ಲ. ಅದು ಕೆಡಿಸುವುದು ಬೆರಳನ್ನು. ಕುದುರೆ (ಟ್ರಿಗರ್) ಎಳೆಯುವ ಕ್ಷಣಕ್ಕೆ ಸರಿಯಾಗಿ ದೇಹ ಒದೆತವನ್ನು ನೆನಪಿಸಿಕೊಂಡು ಮೊದಲೇ ಬಿಗಿಯಾಗುತ್ತದೆ. ಕಣ್ಣು ಮುಚ್ಚುತ್ತದೆ, ಭುಜ ಮುಂದಕ್ಕೆ ತಳ್ಳುತ್ತದೆ, ನಳಿಗೆ ಕೆಳಗೆ ಬಾಗುತ್ತದೆ. ಹೊಡೆಯುವವನಿಗೆ ಇದು ಗೊತ್ತಾಗುವುದೇ ಇಲ್ಲ, ಯಾಕೆಂದರೆ ಆಗಲೇ ರೈಫಲ್ ಒದ್ದು ಎಲ್ಲ ಮುಚ್ಚಿಹೋಗಿರುತ್ತದೆ.

ಇದನ್ನು ಕಣ್ಣಾರೆ ನೋಡುವ ಉಪಾಯ ಒಂದಿದೆ, ರೈಫಲ್ ಕಲಿಸುವವರು ಮಾಡಿಸುವಂಥದ್ದು. ಜೊತೆಗಿರುವವರು ರೈಫಲ್‌ಗೆ ತೋಟಾ ತುಂಬಿಕೊಡುತ್ತಾರೆ. ಆಗಾಗ, ಹೇಳದೆ ಕೇಳದೆ, ಅಭ್ಯಾಸಕ್ಕೆಂದೇ ಮಾಡಿದ ಮದ್ದಿಲ್ಲದ ಡಮ್ಮಿ ತೋಟಾ ಹಾಕುತ್ತಾರೆ. ಹೊಡೆಯುವವನು ಗುರಿ ಇಟ್ಟು ಕುದುರೆ ಎಳೆಯುತ್ತಾನೆ. ಕಟ್ ಅಂತ ಸಣ್ಣ ಸದ್ದು ಮಾತ್ರ. ಸಿಡಿತವೂ ಇಲ್ಲ, ಒದೆತವೂ ಇಲ್ಲದ ಆ ಹೊಡೆತದಲ್ಲಿ ನಳಿಗೆಯ ಬಾಯಿ ಅಲ್ಲಾಡದೆ ಇರಬೇಕು. ಎಷ್ಟೋ ಸಲ ಅದು ಒಂದು ಗೇಣು ಕೆಳಕ್ಕೆ ಕುಸಿದು ನಿಲ್ಲುತ್ತದೆ. ನೋಡುವವರಿಗೆಲ್ಲ ಕಾಣುತ್ತದೆ. ಒದೆತಕ್ಕೆ ಹೆದರುವುದಿಲ್ಲ ಅಂದವನಿಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಅಲಾಸ್ಕಾ ರಾಜ್ಯದ ಮೀನು ಮತ್ತು ಬೇಟೆ ಇಲಾಖೆ ಬೇಟೆಗಾರರಿಗೆ ಕೊಡುವ ಸಲಹೆ ಈ ವಿಷಯದಲ್ಲಿ ನೇರವಾಗಿದೆ. ಹೊಸದಾಗಿ ಕೊಂಡು, ಗುರಿ ಕೂರಿಸುವಷ್ಟು ಮಾತ್ರ ಹೊಡೆದಿರುವ ಮ್ಯಾಗ್ನಂ ತರುವುದಕ್ಕಿಂತ ಚೆನ್ನಾಗಿ ಹೊಡೆಯಲು ಬರುವ .270 (ಇನ್ನೊಂದು ಮಾಮೂಲಿ ರೈಫಲ್ ತೋಟಾ) ಅಥವಾ .30-06 ತಂದರೆ ಅನುಭವಿ ಗೈಡ್‌ಗಳಿಗೆ ಇಷ್ಟ ಅನ್ನುತ್ತದೆ ಅದು. ಅಲಾಸ್ಕಾ ಅಂದರೆ ಕಂದು ಕರಡಿ, ಮೂಸ್ ಇರುವ ಜಾಗ. ಅಲ್ಲೇ ಹೀಗೆ ಹೇಳಿದರೆ ಪೆನ್ಸಿಲ್ವೇನಿಯಾದ ಕಾಡಿನಲ್ಲಿ ಮರದ ಸಂದಿಯಲ್ಲಿ ಜಿಂಕೆಗೆ ಕಾಯುವವನಿಗೆ ಮ್ಯಾಗ್ನಂ ಯಾಕೆ ಬೇಕು, ಹೇಳಿ?

ಒದೆತ ತಗ್ಗಿಸಲು ನಳಿಗೆಯ ತುದಿಗೆ ಬ್ರೇಕ್ ಹಾಕಿಸುವವರಿದ್ದಾರೆ. ಪಕ್ಕಕ್ಕೆ ತೂತುಗಳಿರುವ ಸಣ್ಣ ಕೊಳವೆ ಅದು. ಅನಿಲವನ್ನು ಪಕ್ಕಕ್ಕೆ ತಿರುಗಿಸಿ ಒದೆತವನ್ನು ನಿಜವಾಗಿಯೂ ಇಳಿಸುತ್ತದೆ. ಆದರೆ ಸದ್ದೆಲ್ಲ ಪಕ್ಕದಲ್ಲಿ ನಿಂತವರ ಕಿವಿಗೆ ಬಡಿಯುತ್ತದೆ. ಕಿವಿ ಒಮ್ಮೆ ಮಂದವಾದರೆ ಮತ್ತೆ ಸರಿಹೋಗುವುದಿಲ್ಲ. ಬ್ರೇಕ್ ಇದ್ದರೆ ಕಿವಿಗೆ ರಕ್ಷಣೆ ಇಲ್ಲದೆ ಹೊಡೆಯಲೇಬಾರದು, ಪಕ್ಕದವರೂ ಹಾಕಿಕೊಂಡಿರಬೇಕು.

ಈಗ ಬುಡದ ಆ ಬಳೆಯ ವಿಷಯ. ಅದನ್ನು ನೋಡಿ, ಕೇಸಿಗೆ ಗಟ್ಟಿತನ ಕೊಡಲು ಹಾಕಿದ್ದಾರೆ, ಒತ್ತಡ ಜಾಸ್ತಿ ಅಲ್ವಾ ಅನ್ನುತ್ತಾರೆ. ಅದು ತಪ್ಪು. ರೈಫಲ್‌ನೊಳಗೆ ತೋಟಾ ಎಲ್ಲಿಯವರೆಗೆ ಹೋಗಿ ನಿಲ್ಲಬೇಕು ಅನ್ನುವುದಕ್ಕೆ ಒಂದು ತಡೆ ಬೇಕು. .30-06ರಲ್ಲಿ ಆ ತಡೆ ಕೇಸಿನ ಭುಜ. 1912ರಲ್ಲಿ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ .375 ಮ್ಯಾಗ್ನಂ ಮಾಡಿದಾಗ ಕೇಸು ಉದ್ದಕ್ಕೆ ಇಳಿಜಾರಾಗಿತ್ತು, ಭುಜ ಇಲ್ಲವೇ ಇಲ್ಲ ಅನ್ನುವಷ್ಟು ಸಪೂರ. ಅಲ್ಲಿ ಭುಜವನ್ನು ನಂಬಿ ತೋಟಾ ನಿಲ್ಲಿಸಲು ಆಗುತ್ತಿರಲಿಲ್ಲ. ಅದಕ್ಕೇ ಬುಡದಲ್ಲಿ ಬಳೆ. 1925ರಲ್ಲಿ ಅದೇ ಕೇಸಿನ ಕತ್ತು ಕಿರಿದು ಮಾಡಿ .300 ಹೆಚ್ ಅಂಡ್ ಹೆಚ್ ಬಂತು. ಮೇಲೆ ಹೇಳಿದ ಮೂಸ್ ಕತೆಯ ತೋಟಾ ಅದೇ. 1944ರಲ್ಲಿ ರಾಯ್ ವೆದರ್‌ಬಿ ಅದನ್ನು ಇನ್ನೂ ಹಿಗ್ಗಿಸಿ ತಮ್ಮ .300 ಮಾಡಿದರು. ಇವೆಲ್ಲ ಉದ್ದನೆಯ ತೋಟಾಗಳು. ಅವುಗಳಿಗೆ ಉದ್ದನೆಯ, ದುಬಾರಿ ರೈಫಲ್ ಬೇಕಿತ್ತು.

1963ರಲ್ಲಿ ವಿಂಚೆಸ್ಟರ್ ಮಾಡಿದ ಜಾಣತನ ಇಲ್ಲೇ ಇರುವುದು. ಆ ದಪ್ಪ ಕೇಸನ್ನು ಗಿಡ್ಡ ಮಾಡಿ .30-06ರ ಉದ್ದಕ್ಕೇ ತಂದು ನಿಲ್ಲಿಸಿದರು. .30-06ಕ್ಕೆಂದು ಮಾಡುತ್ತಿದ್ದ ಉದ್ದದ ರೈಫಲ್‌ನಲ್ಲೇ ಈಗ ಮ್ಯಾಗ್ನಂ ಮಾಡಬಹುದಾಯಿತು. ಸಾಮಾನ್ಯ ಬೇಟೆಗಾರನ ಕೈಗೆ ಮ್ಯಾಗ್ನಂ ಬಂದದ್ದು ಹೀಗೆ. ಹೊಸ ಕೇಸಿಗೆ ಚೆನ್ನಾದ ಭುಜ ಇದ್ದದ್ದರಿಂದ ಬಳೆ ಬೇಕಿರಲೇ ಇಲ್ಲ. ಮನೆತನದ ಗುರುತಾಗಿ ಅದು ಸುಮ್ನೆ ಉಳಿದುಕೊಂಡಿತು. 2001ರಲ್ಲಿ ಬಂದ .300 ವಿಂಚೆಸ್ಟರ್ ಶಾರ್ಟ್ ಮ್ಯಾಗ್ನಂನಲ್ಲಿ ಬಳೆ ತೆಗೆದುಹಾಕಿದರು, ಏನೂ ಕೆಡಲಿಲ್ಲ. ದಪ್ಪ ಕೇಸಿಗೆ ಇನ್ನೊಂದು ಸಣ್ಣ ದಂಡವಿದೆ. ಮಾಡೆಲ್ 70ರ ಒಳಗೆ ಮಾಮೂಲಿ .30-06 ತೋಟಾ ಐದು ಹಿಡಿದರೆ ಮ್ಯಾಗ್ನಂ ಮೂರೇ ಹಿಡಿಯುತ್ತದೆ.

ಹಾಗಾದರೆ ಮ್ಯಾಗ್ನಂ ಯಾರಿಗೆ? ಅಮೆರಿಕದ ಪಶ್ಚಿಮದ ರಾಜ್ಯಗಳು, ಕೊಲರಾಡೊ, ಮೊಂಟಾನಾ, ವಯೋಮಿಂಗ್. ಅಲ್ಲಿ ಬಯಲು ಅಂದರೆ ಬಯಲು, ಕಣಿವೆ ಅಂದರೆ ಕಣಿವೆ. ಎದುರು ಗುಡ್ಡದಲ್ಲಿ 350 ಕಿಲೋದ ಗಂಡು ಎಲ್ಕ್, ಜಿಂಕೆ ಜಾತಿಯ ದೊಡ್ಡ ಪ್ರಾಣಿ, ಮೇಯುತ್ತಿರುತ್ತದೆ. ಹತ್ತಿರ ಹೋಗೋಣ ಅಂದರೆ ಕಣಿವೆ ಇಳಿದು ಹತ್ತಬೇಕು, ಅಷ್ಟರಲ್ಲಿ ಕತ್ತಲಾಗುತ್ತದೆ. ಅಲ್ಲಿ ನೂರು ಚಿಲ್ಲರೆ ಗಜಕ್ಕೆ ಬೆಲೆ ಇದೆ. ಗುಂಡು ಅರಳುವ ವೇಗದ ಮಿತಿಯನ್ನೇ ತೆಗೆದುಕೊಂಡರೆ, .30-06ರ 180 ಗ್ರೇನ್ ಗುಂಡು 500 ಗಜ ದಾಟಿದ ಸ್ವಲ್ಪ ಹೊತ್ತಿಗೆ 1,800 ಅಡಿಗೆ ಇಳಿಯುತ್ತದೆ. ಮ್ಯಾಗ್ನಂನದ್ದು 600 ಗಜ ದಾಟಿದರೂ ಅದಕ್ಕಿಂತ ಮೇಲಿರುತ್ತದೆ. 200 ಗ್ರೇನ್ ಅಥವಾ ಅದಕ್ಕಿಂತ ಭಾರದ ಉದ್ದನೆ ಗುಂಡುಗಳನ್ನು ಓಡಿಸಲೂ ಅದರ ದೊಡ್ಡ ಹೊಟ್ಟೆ ಒಳ್ಳೆಯದು. ಅಮೆರಿಕದ ಸೇನೆ ತನ್ನ ಎಂ2010 ಸ್ನೈಪರ್ ರೈಫಲ್‌ಗೆ .300 ವಿಂಚೆಸ್ಟರ್ ಮ್ಯಾಗ್ನಂ ಆರಿಸಿಕೊಂಡದ್ದೂ ದೂರಕ್ಕಾಗಿಯೇ.

ಆದರೆ ಕಾಗದದ ಗುರಿ ನಡೆಯುವುದಿಲ್ಲ, ಪ್ರಾಣಿ ನಡೆಯುತ್ತದೆ. 400 ಗಜಕ್ಕೆ ಗುಂಡು ತಲುಪಲು ಯಾವ ತೋಟಾ ಆದರೂ ಸುಮಾರು ಅರ್ಧ ಸೆಕೆಂಡ್ ಬೇಕು. ಅಷ್ಟರಲ್ಲಿ ಎಲ್ಕ್ ಒಂದು ಹೆಜ್ಜೆ ಇಟ್ಟರೆ ಎದೆಗೆ ಬೀಳಬೇಕಿದ್ದ ಗುಂಡು ಹೊಟ್ಟೆಗೆ ಬೀಳುತ್ತದೆ. ಗಾಯಗೊಂಡು ಓಡಿದ ಪ್ರಾಣಿ ದಿನಗಟ್ಟಲೆ ನರಳಿ ಸಾಯುತ್ತದೆ. ಪ್ರಾಣಿಯನ್ನು ಹೊಡೆಯುವ ಹಕ್ಕು ಕಾನೂನು ಕೊಟ್ಟಿರುವ ಜಾಗದಲ್ಲೂ ಅದನ್ನು ನರಳಿಸುವ ಹಕ್ಕು ಯಾರಿಗೂ ಇಲ್ಲ. ಮ್ಯಾಗ್ನಂ ಹಿಡಿದವನು ಒರಗು ಇಲ್ಲದೆ, ಮೊಣಕಾಲೂರಿ ಕೂತು 300 ಗಜದಲ್ಲಿ ಊಟದ ತಟ್ಟೆಯಷ್ಟು ಅಗಲಕ್ಕೆ ತಪ್ಪದೆ ಹೊಡೆಯಬಲ್ಲನಾ ಅನ್ನುವುದನ್ನು ಮೊದಲು ಕೇಳಿಕೊಳ್ಳಬೇಕು. ಅದಕ್ಕೆ ಅಭ್ಯಾಸ ಬೇಕು. ಮ್ಯಾಗ್ನಂ ತೋಟಾ ದುಬಾರಿ, ಒದೆತ ಜಾಸ್ತಿ. ಹಾಗಾಗಿ ಅದನ್ನು ಕೊಂಡವರೇ ಕಡಿಮೆ ಅಭ್ಯಾಸ ಮಾಡುತ್ತಾರೆ. ನನ್ನ ಪ್ರಕಾರ ಮೊದಲ ರೈಫಲ್ .30-06 ಆಗಿರಲಿ. ಬೆಲೆಯಲ್ಲಿ ಉಳಿದ ದುಡ್ಡು ತೋಟಾಕ್ಕೆ ಹೋಗಲಿ. ಅದರಲ್ಲಿ 300 ಗಜ ಚೆನ್ನಾಗಿ ಪಳಗಿದವನಿಗೆ ಇನ್ನೂ ನೂರು ಗಜ ಬೇಕಾದರೆ ಮ್ಯಾಗ್ನಂ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು, ಇದು ಜೀವದ ಪ್ರಶ್ನೆ. ಅಳತೆ ಒಂದೇ ಅಂದ ಮಾತ್ರಕ್ಕೆ ತೋಟಾ ಅದಲುಬದಲು ಮಾಡುವಂತಿಲ್ಲ. ಈ ತಪ್ಪು ಕಲ್ಪನೆ ಬರುವುದು ರಿವಾಲ್ವರ್‌ಗಳಿಂದ. .357 ಮ್ಯಾಗ್ನಂ ರಿವಾಲ್ವರ್‌ನಲ್ಲಿ .38 ಸ್ಪೆಷಲ್ ತೋಟಾವನ್ನು ಧಾರಾಳವಾಗಿ ಹೊಡೆಯಬಹುದು. ಮ್ಯಾಗ್ನಂ ಕೇಸು ಅದರದೇ ಉದ್ದನೆಯ ರೂಪ. ರೈಫಲ್‌ಗಳಲ್ಲಿ ಹಾಗಲ್ಲ. .30-06 ತೋಟಾ .300 ಮ್ಯಾಗ್ನಂನ ಒಳಗೆ ಸಡಿಲವಾಗಿ ಬೀಳುತ್ತದೆ, ಅದಕ್ಕೆ ಆಧಾರ ಕೊಡುವ ಗೋಡೆ ಇರುವುದಿಲ್ಲ. ಅಕಸ್ಮಾತ್ ಹಾರಿದರೆ ಕೇಸು ಒಡೆದು ಬಿಸಿ ಅನಿಲ ಹಿಂದಕ್ಕೆ, ಮುಖಕ್ಕೆ ಬರಬಹುದು. .308 ವಿಂಚೆಸ್ಟರ್ ಅಂತ ಇನ್ನೊಂದಿದೆ, ಅದರ ಗುಂಡೂ ಇದೇ ಅಳತೆ, ಅದನ್ನೂ ಇವುಗಳಲ್ಲಿ ಹಾಕಬಾರದು. ಪ್ರತಿ ತೋಟಾದ ಬುಡದಲ್ಲಿ ಅದರ ಹೆಸರು ಅಚ್ಚೊತ್ತಿರುತ್ತದೆ. ಅದೇ ಹೆಸರು ನಳಿಗೆಯ ಮೇಲೂ ಇರುತ್ತದೆ. ಎರಡೂ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಒಂದೇ ಮನೆಯಲ್ಲಿ ಎರಡೂ ರೈಫಲ್ ಇದ್ದರೆ ತೋಟಾ ಡಬ್ಬಿಗಳನ್ನು ಬೇರೆ ಬೇರೆ ಕಪಾಟಿನಲ್ಲಿ ಇಟ್ಟು ಬೀಗ ಹಾಕಬೇಕು. ಹೊರಡುವಾಗ ಜೇಬುಗಳನ್ನು ಪೂರ್ತಿ ಖಾಲಿ ಮಾಡಿ, ಅವತ್ತಿನ ರೈಫಲ್‌ನ ತೋಟಾ ಮಾತ್ರ ಹಾಕಿಕೊಳ್ಳಬೇಕು.